ಗಂಜಿ ಕುಡಿದ ಕೌದಿ

ಬಳ್ಳಾರಿ, ಬ್ರೂಸ್‌ಪೇಟೆ
೧೮ ಫೆಬ್ರವರಿ ೧೯೪೬

ಸಿರುಗುಪ್ಪದ ಬೀಗರಾದ ಗಾಳೆಪ್ಪನವರಿಗೆ ದರ್ಜಿ ಎರ್ರಿಸ್ವಾಮಿ ಮಾಡುವ ನಮಸ್ಕಾರಗಳು.

ಈ ಪತ್ರದ ಬೆನ್ನಿಗೇ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಒಂದು ಗಂಟು ಬರುತ್ತದೆ. ಅದರಲ್ಲಿ ಮೊಮ್ಮಗಳ ಕೌದಿ ಇದೆ. ಬಿಚ್ಚುವ ಮುಂಚೆ ಅದಕ್ಕೆ ಏನೇನು ಹೋಗಿದೆ ಎಂದು ಹೇಳಿಬಿಡುತ್ತೇನೆ. ಲೆಕ್ಕ ಒಪ್ಪಿಸದೆ ಸಾಮಾನು ಕೊಟ್ಟರೆ ನನಗೆ ಅನ್ನ ಇಳಿಯುವುದಿಲ್ಲ. ತೀರಿಹೋದ ನನ್ನ ಅಂಬಮ್ಮನ ಹಳೆಯ ಸೀರೆ ಹನ್ನೊಂದು. ನಡುವೆ ಹಾಸಲು ನನ್ನ ಧೋತರ ಎರಡು. ದಾರದ ಉಂಡೆ ನಾಲ್ಕು. ಅದರಲ್ಲಿ ಒಂದು ಯುದ್ಧಕಾಲದ್ದು, ಎಳೆದರೆ ಪಟ್ಟನೆ ಹರಿಯುವಂಥದ್ದು, ಅದು ಮೂಲೆಗೆ ಬೀಳದಂತೆ ನೋಡಿಕೊಂಡಿದ್ದೇನೆ. ಸೂಜಿ ಏಳು, ಮುರಿದದ್ದು ಮೂರು. ದಿನ ಇಪ್ಪತ್ತಾರು. ಬಸ್ಸಿನವನಿಗೆ ಆರು ಆಣೆ. ಬೆರಳಿನಿಂದ ಹೋದ ರಕ್ತವನ್ನು ಯಾರೂ ಅಳೆದಿಲ್ಲ.

ಹೊಲಿದವಳು ಕುರುಗೋಡಿನ ನಮ್ಮ ಅಕ್ಕ ಗಂಗಕ್ಕ. ಅರವತ್ತು ದಾಟಿದರೂ ಅವಳ ಕಣ್ಣು ಚೆನ್ನಾಗಿದೆ.

ಮಗಳು ಹುಲುಗಮ್ಮನ ತಾಯಿ ಇದ್ದಿದ್ದರೆ ಈ ಬಾಣಂತನ ನನ್ನ ಮನೆಯಲ್ಲಿ ಆಗಬೇಕಿತ್ತು. ಹೆಂಗಸಿಲ್ಲದ ಮನೆಗೆ ಬಾಣಂತಿಯನ್ನು ಕಳಿಸುವುದಿಲ್ಲ ಎಂದು ನಿಮ್ಮ ಮನೆಯವರಾದ ಹೊನ್ನೂರಮ್ಮನವರು ಎರಡು ಸಲವೂ ಹೇಳಿದರು. ಅದು ನ್ಯಾಯವಾದ ಮಾತು. ಆದರೆ ಎರಡು ವರ್ಷದ ಹಿಂದೆ ಮೊದಲ ಕೂಸನ್ನು ಸಿಡುಬಿನ ಅಮ್ಮ ಕರೆದುಕೊಂಡಾಗ, ‘ತವರಿನ ಕೌದಿ ಕಾಣದ ಕೂಸು’ ಎಂದು ನಿಮ್ಮ ಓಣಿಯ ಹೆಂಗಸರು ಆಡಿದ್ದು ನನ್ನ ಕಿವಿಗೂ ಬಿದ್ದಿತ್ತು. ಬಾಡಿಗೆ ಮಿಷನ್ನು ಇಟ್ಟುಕೊಂಡು ಪರರ ಜಗುಲಿಯ ಮೇಲೆ ಶುರು ಮಾಡಿದವನು ನಾನು, ಈಗ ಮೂರು ಮಿಷನ್ನು ಓಡಿಸುತ್ತೇನೆ. ಊರಿಗೆಲ್ಲ ಬಟ್ಟೆ ಹೊಲಿದುಕೊಟ್ಟವನ ಮೊಮ್ಮಗು ಬರಿಗೋಣಿಯ ಮೇಲೆ ಮಲಗಿತ್ತು ಎಂಬ ಮಾತು ಇನ್ನೊಮ್ಮೆ ಬರಬಾರದು.

ನಮ್ಮ ಮನೆತನದ ಒಂದು ಕಟ್ಟಳೆ ಇದೆ, ದಯಮಾಡಿ ನಡೆಸಿಕೊಡಬೇಕು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನದವರೆಗೆ ತವರಿನ ಕೌದಿಗೆ ನೀರು ತೋರಿಸುವಂತಿಲ್ಲ. ಆ ದಿನ ನಾನೇ ಬಂದು, ಮೊದಲ ಸಲ ನಾನೇ ಒಗೆಸಿಕೊಡುತ್ತೇನೆ.

ಹುಲುಗಮ್ಮನಿಗೆ ಹೇಳಿ, ಅವಳ ತಾಯಿಯ ಹಸಿರು ಇಳಕಲ್ ಸೀರೆ ಕೂಸಿನ ತಲೆಯ ಕಡೆಗೆ ಬರುವಂತೆ ಇದೆ.

ಎರ್ರಿಸ್ವಾಮಿ


ಸಿರುಗುಪ್ಪ
೨೬ ಫೆಬ್ರವರಿ ೧೯೪೬

ಬೀಗರಾದ ಎರ್ರಿಸ್ವಾಮಿಯವರಿಗೆ ಗಾಳೆಪ್ಪನ ನಮಸ್ಕಾರ.

ಗಂಟು ಸುಖವಾಗಿ ಬಂತು. ಬಸ್ಸಿನ ಇದ್ದಿಲ ಮಸಿ ಒಂದು ಮೂಲೆಗೆ ತಗುಲಿತ್ತು. ಕಟ್ಟಳೆ ನೆನೆದು ಒದ್ದೆ ಬಟ್ಟೆ ಮುಟ್ಟಿಸದೆ ಒಣಗೈಯಲ್ಲೇ ಕೊಡವಿದೆವು.

ಕೌದಿ ನೋಡಲು ಓಣಿಯ ಹೆಂಗಸರೆಲ್ಲ ಬಂದರು. ಮಡಚಲು ಇಬ್ಬರು ಬೇಕಾದರು. ನಮ್ಮ ಮನೆಯಾಕೆ ಅದನ್ನು ಗೋಡೆಗೆ ಒರಗಿಸಿದರೆ ಅದು ಹಾಗೇ ನಿಂತಿತು. “ಹಿಂಗ ನಿಲ್ಲೋ ಕೌದಿ ನಾ ಹುಟ್ಟಿದಾಗಿಂದ ನೋಡಿಲ್ಲ” ಎಂದಳು. ಹುಲುಗಮ್ಮ ಹಸಿರು ಸೀರೆಯ ಮೇಲೆ ಕೈಯಾಡಿಸಿದಳು. ಆಮೇಲೆ ತಿರುವಿ ಹಾಕಿ ಹಿಂಬದಿಯನ್ನೂ ನೋಡಿದಳು.

ಮೊದಲ ದಿನವೇ ಒಂದು ಪೇಚಾಟ ಆಯಿತು. ಕೂಸು ಮಲಗಿಸಿದ ಅರ್ಧ ಗಂಟೆಯಲ್ಲಿ ಕೌದಿಯನ್ನು ತೋಯಿಸಿಬಿಟ್ಟಿತು. ನೀರು ತೋರಿಸಿದಂತಾಯಿತೋ ಇಲ್ಲವೋ ಎಂದು ನಮ್ಮಲ್ಲಿ ವಾದ ಬಿತ್ತು. “ಕೂಸಿನ ನೀರು ನೀರಲ್ಲ, ಬೀಗರಿಗೆ ಬರದು ಅವರನ್ಯಾಕ ಗಾಬರಿ ಮಾಡ್ತೀರಿ” ಎಂದು ನಮ್ಮ ಮನೆಯಾಕೆ ತೀರ್ಪು ಕೊಟ್ಟಳು. ಆದರೂ ಬರೆದಿದ್ದೇನೆ. ಈಗ ತೋಯ್ದಾಗಲೆಲ್ಲ ಬಿಸಿಲಿಗೆ ಒಣಗಿಸುತ್ತೇವೆ, ಅಷ್ಟೇ. ನಿಮ್ಮ ಮನೆತನದ ಕಟ್ಟಳೆ ನಮ್ಮ ಮನೆತನದ್ದೂ ಹೌದು. ಆ ಬಗ್ಗೆ ಚಿಂತೆ ಬೇಡ.

ಗಂಗಕ್ಕನವರಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸಿ.

ಗಾಳೆಪ್ಪ


ಬಳ್ಳಾರಿ
೩ ಮಾರ್ಚ್ ೧೯೪೬

ಬೀಗರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮಡಚಲು ಇಬ್ಬರು ಬೇಕಾಯಿತು, ಗೋಡೆಗೆ ನಿಂತಿತು ಎಂದು ಹೊನ್ನೂರಮ್ಮನವರು ಹೇಳಿದ್ದನ್ನು ಓದಿ ಎದೆ ತುಂಬಿತು. ಅವರ ಬಾಯಿಂದ ಹೊಗಳಿಕೆ ಬರುವುದು ಸುಲಭವಲ್ಲ. ಮಾಲು ಚೆನ್ನಾಗಿದ್ದರೆ ಅದು ತಾನಾಗಿ ನಿಲ್ಲುತ್ತದೆ ಎಂದು ನಾನು ಗಿರಾಕಿಗಳಿಗೆ ಹೇಳುತ್ತಲೇ ಇರುತ್ತೇನೆ.

ಕೂಸಿನ ನೀರಿನ ವಿಷಯದಲ್ಲಿ ಅವರ ತೀರ್ಪೇ ಸರಿ. ಆದರೆ ಬಾವಿಯ ನೀರು ಮಾತ್ರ ಬೇಡ. ಒಂದು ಬಿಂದಿಗೆಯೂ ಬೇಡ. ತೋಯ್ದ ಜಾಗದಲ್ಲಿ ಹೊಲಿಗೆ ಹೇಗಿದೆ? ನೆಟ್ಟಗಿದೆಯೇ, ಇಲ್ಲ ಮುದುಡಿದೆಯೇ? ಸುಮ್ಮನೆ ಕೇಳಿದೆ. ಗಂಗಕ್ಕ ಕೇಳು ಎಂದಳು.

ಕೂಸಿನ ತೂಕ ಹೆಚ್ಚಿದೆಯೇ? ನಿಮ್ಮ ಗಿರಣಿಯ ತಕ್ಕಡಿಯಲ್ಲಿ ಒಮ್ಮೆ ತೂಗಿದರೆ ತಪ್ಪಿಲ್ಲ.

ಎರ್ರಿಸ್ವಾಮಿ


ಸಿರುಗುಪ್ಪ, ಅಕ್ಕಿ ಗಿರಣಿಯಿಂದ
೧೨ ಮಾರ್ಚ್ ೧೯೪೬

ಬೀಗರಿಗೆ.

ಈ ಕಾರ್ಡನ್ನು ಗಿರಣಿಯಲ್ಲಿ ಕೂತು ಬರೆಯುತ್ತಿದ್ದೇನೆ, ಮನೆಯಲ್ಲಿ ಗೊತ್ತಿಲ್ಲ. ಮೂರು ದಿನದಿಂದ ಕೂಸಿನ ಬೆನ್ನು, ತೊಡೆ, ಕತ್ತಿನ ಹಿಂದೆ ಕೆಂಪು ಗುಳ್ಳೆ ಎದ್ದಿವೆ. ಕೂಸು ಒಂದೇ ಸಮನೆ ಅಳುತ್ತದೆ. ಪಕ್ಕದ ಓಣಿಯಲ್ಲಿ ಎರಡು ಮನೆಗೆ ಅಮ್ಮ ಬಂದಿದ್ದಾಳೆ. ನಮ್ಮ ಮನೆಗೂ ಬಂದಳು ಎಂದು ಮನೆಯಾಕೆ ಬಾಗಿಲಿಗೆ ಬೇವು ಕಟ್ಟಿದಳು.

ನಮ್ಮ ರೀತಿ ನಿಮಗೆ ಗೊತ್ತು. ತಾಯಿ ಇರುವವರೆಗೆ ಒಗ್ಗರಣೆ ಇಲ್ಲ, ಬಟ್ಟೆ ಒಗೆಯುವುದಿಲ್ಲ, ಹೊರಗಿನವರು ಹೊಸಿಲು ದಾಟುವುದಿಲ್ಲ. ಬಂದ ಕಾಗದ ಒಳಗೆ ಹೋಗುವುದಿಲ್ಲ, ಕಟ್ಟೆಯ ಗೂಡಿನಲ್ಲಿ ಇಡುತ್ತೇವೆ. ನೀವು ಬರಬೇಡಿ. ಹೋದ ಸಲದ್ದು ಇಬ್ಬರಿಗೂ ನೆನಪಿದೆ.

ಗಾಳೆಪ್ಪ


ಬಳ್ಳಾರಿ
೧೫ ಮಾರ್ಚ್ ೧೯೪೬

ಬೀಗರೇ,

ಗೂಡಿನಲ್ಲಿ ಇಟ್ಟರೂ ಇಡಿ, ಬರೆಯದೆ ಇರಲಾರೆ. ನಾನು ಬರುವುದಿಲ್ಲ. ಹೋದ ಸಲ ಕರೆಯದೆ ಬಂದು, ಆಸ್ಪತ್ರೆಯ ಔಷಧಿ ಶೀಸೆ ಹಿಡಿದು ನಿಮ್ಮ ಹೊಸಿಲು ದಾಟಿದೆ. ಮೂರನೆಯ ದಿನ ಕೂಸು ಹೋಯಿತು. ಔಷಧಿಯಿಂದ ಹೋಯಿತೋ ಸಿಡುಬಿನಿಂದ ಹೋಯಿತೋ ಎಂದು ನಾನು ಇವತ್ತಿಗೂ ವಾದ ಮಾಡಬಲ್ಲೆ. ಆದರೆ ಹೊನ್ನೂರಮ್ಮನವರು ನನ್ನ ಕಾಲನ್ನು ನೋಡಿದ ನೋಟ ಮರೆತಿಲ್ಲ. ಆ ಕಾಲನ್ನು ಮತ್ತೆ ಅಲ್ಲಿಗೆ ತರುವ ಧೈರ್ಯ ನನಗಿಲ್ಲ.

ಇಷ್ಟು ಮಾತ್ರ ನೋಡಿ. ಮೊದಲ ಕೂಸಿಗೆ ಮೂರು ದಿನ ಕೆಂಡದಂಥ ಜ್ವರ ಬಂದು ಆಮೇಲೆ ಗುಳ್ಳೆ ಎದ್ದವು. ಈಗ ನೀವು ಗುಳ್ಳೆ ಎಂದಿರಿ, ಜ್ವರದ ಮಾತೇ ಬರೆದಿಲ್ಲ. ಜ್ವರ ಇದೆಯೇ? ಗುಳ್ಳೆ ಎಷ್ಟು? ಮುಖದ ಮೇಲೆ ಇವೆಯೇ? ಒಳಗೆ ನೀರು ತುಂಬಿದೆಯೇ? ಬೆನ್ನಿಗೆ ಮಾತ್ರ ಬಂದು ಹೊಟ್ಟೆಗೆ ಬರದ ಅಮ್ಮನನ್ನು ನಾನು ಕೇಳಿಲ್ಲ. ಕೂಡುವ ಕಡೆ ಎಲ್ಲೋ ತಪ್ಪಿದೆ. ಮೇಲಿಂದ ಕೆಳಗೆ ಕೂಡಿದೆ, ಕೆಳಗಿಂದ ಮೇಲೆ ಕೂಡಿದೆ, ಎರಡು ಸಲವೂ ಬೇರೆ ಬೇರೆ ಮೊತ್ತ ಬರುತ್ತದೆ.

ಹುಲುಗಮ್ಮ ಉಣ್ಣುತ್ತಾಳೆಯೇ?

ಎರ್ರಿಸ್ವಾಮಿ


ಬಳ್ಳಾರಿ
೨೦ ಮಾರ್ಚ್ ೧೯೪೬
(ಗಿರಣಿಯ ವಿಳಾಸಕ್ಕೆ, ಲಕೋಟೆಯಲ್ಲಿ. ಗಾಳೆಪ್ಪನವರೇ ಒಡೆಯಬೇಕು.)

ಬೀಗರೇ,

ಇದನ್ನು ಓದಿ ಸುಟ್ಟುಬಿಡಿ.

ಮೊದಲ ಪತ್ರದ ಲೆಕ್ಕದಲ್ಲಿ ಒಂದು ಬಾಬು ಬಿಟ್ಟಿದ್ದೆ. ರೇಷನ್ನಿನ ಪಡಿ ಅಕ್ಕಿ ಒಂದೂವರೆ ಸೇರು, ಬೆಲ್ಲ ಒಂದು ಹಿಡಿ. ಅದು ಗಂಜಿಗೆ ಹೋಯಿತು.

ಗಂಗಕ್ಕ ಆ ಕೌದಿಯನ್ನು ಕಣ್ಣಿಂದಲೂ ನೋಡಿಲ್ಲ. ಹೊಲಿದವನು ನಾನು. ಅಕ್ಕನನ್ನು ಕೇಳಬಹುದಿತ್ತು. ಆದರೆ ಅಂಬಮ್ಮನ ಸೀರೆಗಳನ್ನು ಪೆಟ್ಟಿಗೆಯಿಂದ ತೆಗೆದು ಬೇರೆಯವರ ಕೈಗೆ ಕೊಡಲು ಹೋದೆ, ಕೈ ಬರಲಿಲ್ಲ. ಇಪ್ಪತ್ತಾರು ಮಧ್ಯಾಹ್ನ ಅಂಗಡಿಗೆ ಅರ್ಧ ಬಾಗಿಲು ಎಳೆದುಕೊಂಡು ಹೊಲಿದೆ. ಗಂಡಸು ಕೌದಿ ಹಾಕುತ್ತಾನೆ ಎಂದು ಬ್ರೂಸ್‌ಪೇಟೆಗೆ ಗೊತ್ತಾದರೆ ನಾಳೆಯಿಂದ ಯಾರೂ ಕೋಟು ಹೊಲಿಸಲು ಬರುವುದಿಲ್ಲ.

ಆ ಸೀರೆಗಳು ನನ್ನ ಮಾತು ಕೇಳಲಿಲ್ಲ. ಇಪ್ಪತ್ತು ವರ್ಷ ಉಟ್ಟು ಒಗೆದು ನೀರಿನಂತಾಗಿದ್ದವು. ಕತ್ತರಿ ಇಟ್ಟರೆ ಒಂದು ಕಡೆ ಜಾರುತ್ತಿತ್ತು, ಸೂಜಿ ಇಟ್ಟರೆ ಇನ್ನೊಂದು ಕಡೆ ಸರಿಯುತ್ತಿತ್ತು. ಹೆಂಗಸರು ಅಂಥ ಬಟ್ಟೆಯನ್ನು ಮೊಣಕಾಲ ಮೇಲೆ ಹಾಕಿಕೊಂಡು ಅಂಗೈಯಲ್ಲಿ ಸವರುತ್ತಾ ಹೊಲಿಯುತ್ತಾರೆ. ನನ್ನ ಅಂಗೈಗೆ ಆ ವಿದ್ಯೆ ಇಲ್ಲ. ನನಗೆ ಗೊತ್ತಿರುವುದು ಸೋಲ್ಜರುಗಳ ಖಾಕಿ, ಸಾಹೇಬರ ಕಾಲರು. ಅದಕ್ಕೇ ಅವರ ಬಟ್ಟೆಗೆ ಮಾಡುವುದನ್ನೇ ಇದಕ್ಕೂ ಮಾಡಿದೆ. ಗಟ್ಟಿ ಗಂಜಿ ಕಾಯಿಸಿ, ಹಿಡಿಯಲಿ ಎಂದು ಬೆಲ್ಲದ ನೀರು ಬೆರೆಸಿ, ಅದ್ದಿ, ಒಣಗಿಸಿ, ಇಸ್ತ್ರಿ ಎಳೆದೆ. ಹನ್ನೊಂದು ಸೀರೆಯೂ ಹಲಗೆಯಂತೆ ನಿಂತವು. ಗೆರೆ ಹೊಡೆದಂತೆ ಕತ್ತರಿಸಿದೆ. ಕೌದಿ ಮುಗಿದ ಮೇಲೆ ಒಗೆದು ಗಂಜಿ ಬಿಡಿಸಬೇಕು, ಅದು ನನಗೂ ಗೊತ್ತು. ಪರೀಕ್ಷೆಗೆಂದು ಉಳಿದ ಒಂದು ತುಂಡು ಒಗೆದು ನೋಡಿದೆ. ಗಂಜಿ ಹೋದ ಕೂಡಲೇ ನನ್ನ ಹೊಲಿಗೆಯೆಲ್ಲ ಸೊಟ್ಟಗಾಗಿ, ಹಲ್ಲಿಲ್ಲದ ಬಾಯಿಯಂತೆ ಮುದುಡಿತು. ಹೊನ್ನೂರಮ್ಮನವರ ಮುಂದೆ ಅದು ಬಿಚ್ಚಿಕೊಂಡರೆ ಏನು ಗತಿ ಎಂದುಕೊಂಡು ಆ ಕಟ್ಟಳೆ ಕಟ್ಟಿದೆ. ನಮ್ಮ ಮನೆತನಕ್ಕೆ ಅಂಥ ಕಟ್ಟಳೆ ಯಾವುದೂ ಇಲ್ಲ. ನಮ್ಮದು ಮನೆತನ ಎನ್ನುವಷ್ಟು ಹಳೆಯದೂ ಅಲ್ಲ.

ನಿನ್ನೆ ಕತ್ತರಿಸಿ ಉಳಿದ ತುಂಡುಗಳ ಬುಟ್ಟಿಗೆ ಕೈ ಹಾಕಿದೆ. ಕೆಂಪಿರುವೆ, ಕಾಣದಷ್ಟು ಸಣ್ಣವು, ಪದರ ಪದರದ ನಡುವೆ ಕೂತಿದ್ದವು. ಒಂದು ತುಂಡನ್ನು ತೋಳಿಗೆ ಸುತ್ತಿ, ಮೇಲೆ ನೀರು ಚಿಮುಕಿಸಿ, ಊಟದ ಹೊತ್ತೆಲ್ಲ ಹಾಗೇ ಕೂತೆ. ಹದಿನಾಲ್ಕು ಗುಳ್ಳೆ ಎದ್ದವು, ಎಣಿಸಿದ್ದೇನೆ. ಕೌದಿ ತಾಗಿದ ಕಡೆ ಮಾತ್ರ ಎದ್ದವು. ಜ್ವರವಿಲ್ಲ.

ಬೀಗರೇ, ಅದು ಅಮ್ಮ ಅಲ್ಲ. ಅದು ನನ್ನ ಗಂಜಿ. ಕೌದಿಯನ್ನು ಕೂಸಿನ ಕೆಳಗಿಂದ ಇವತ್ತೇ ತೆಗೆಸಿ. ಏನಾದರೂ ನೆಪ ಹೇಳಿ. ನಾನು ಹೊಲಿದದ್ದು, ಕಟ್ಟಳೆ ಸುಳ್ಳು, ಇವೆರಡು ಮಾತ್ರ ಮನೆಯಲ್ಲಿ ಗೊತ್ತಾಗಬಾರದು. ಹುಲುಗಮ್ಮ ಆ ಮನೆಯಲ್ಲಿ ಬಾಳಬೇಕು.

ಮರುಟಪಾಲಿಗೇ ಒಂದು ಸಾಲು ಬರೆಯಿರಿ.

ಎರ್ರಿಸ್ವಾಮಿ


ಬಳ್ಳಾರಿ
೨೭ ಮಾರ್ಚ್ ೧೯೪೬
(ಕಾರ್ಡು. ಮನೆಯ ವಿಳಾಸಕ್ಕೆ.)

ಈ ಕಾರ್ಡು ಯಾರ ಕೈಗೆ ಸಿಕ್ಕರೂ ಗಾಳೆಪ್ಪನವರ ಮನೆಯ ಮುಂದೆ ನಿಂತು ಗಟ್ಟಿಯಾಗಿ ಓದಬೇಕು. ಟಪಾಲಿನವರಾದರೂ ಸರಿ, ದಾರಿಹೋಕರಾದರೂ ಸರಿ.

ಕೂಸಿನ ಕೌದಿಯಲ್ಲಿ ಗಂಜಿ ಇದೆ, ಬೆಲ್ಲ ಇದೆ, ಇರುವೆ ಇವೆ. ಅದನ್ನು ಹೊಲಿದವನು ನಾನು, ಬಳ್ಳಾರಿ ಬ್ರೂಸ್‌ಪೇಟೆಯ ದರ್ಜಿ ಎರ್ರಿಸ್ವಾಮಿ. ನೀರು ತೋರಿಸಬಾರದು ಎಂಬ ಕಟ್ಟಳೆ ನಾನು ಕಟ್ಟಿದ ಸುಳ್ಳು. ಲಕೋಟೆ ಕಳಿಸಿ ಏಳು ದಿನವಾಯಿತು, ಉತ್ತರವಿಲ್ಲ. ಹಾಗಾಗಿ ಮುಚ್ಚಿಡಲು ಇನ್ನೇನೂ ಇಟ್ಟುಕೊಂಡಿಲ್ಲ. ಕುರುಗೋಡಿಗೆ ಆಳು ಕಳಿಸಿದ್ದೇನೆ. ಗಂಗಕ್ಕ ಬಂಡಿ ಕಟ್ಟಿಸಿಕೊಂಡು ಹೊರಡುತ್ತಾಳೆ. ಅವಳು ಹೊಸಿಲು ದಾಟುವುದಿಲ್ಲ. ಅವಳ ಮಾತು ಕೇಳಿ.

ಕೂಸು ಇದೆಯೇ?

ಎರ್ರಿಸ್ವಾಮಿ


ಸಿರುಗುಪ್ಪ
೨ ಏಪ್ರಿಲ್ ೧೯೪೬

ಬೀಗರಾದ ಎರ್ರಿಸ್ವಾಮಿಯವರಿಗೆ ಗಾಳೆಪ್ಪನ ನಮಸ್ಕಾರ.

ಕೂಸು ಇದೆ. ಚೆನ್ನಾಗಿದೆ. ಮೊದಲು ಇದನ್ನು ಬರೆದು ಆಮೇಲೆ ಉಳಿದದ್ದು.

ಶುಕ್ರವಾರ ಮುಂಜಾನೆ ಗಂಗಕ್ಕನವರ ಬಂಡಿ ನಮ್ಮ ಮನೆಯ ಮುಂದೆ ನಿಂತಿತು. ನಿಮ್ಮ ಕಾರ್ಡು ಇನ್ನೂ ಬಂದಿರಲಿಲ್ಲ. ಅವರು ಬಂಡಿಯಿಂದ ಇಳಿದು, ಸೆರಗು ಸೊಂಟಕ್ಕೆ ಕಟ್ಟಿ, ಬೀದಿಯ ನಡುವೆ ನಿಂತು ಶುರು ಮಾಡಿದರು.

“ಬೀಗಿತ್ತಿ ಹೊನ್ನೂರಮ್ಮಾ! ನಾನು ಒಳಗ ಬರಾಕಿ ಅಲ್ಲ, ನಿಮ್ಮ ಬೇವಿಗೆ ಕೈ ಹಚ್ಚಾಕಿ ಅಲ್ಲ. ಆ ಕೌದಿ ಹೊರಗ ಒಗೀರಿ. ಅದರಾಗ ಗಂಜಿ ಐತಿ, ಬೆಲ್ಲ ಐತಿ, ಇರವಿ ಸಂತಿ ನಡದೈತಿ!”

ನಮ್ಮ ಮನೆಯಾಕೆ ಒಳಗಿನಿಂದಲೇ, “ತಾಯಿ ಕುಂತ ಮನಿ ಮುಂದ ಬಾಯಿ ಮಾಡಬ್ಯಾಡ್ರಿ ಯಕ್ಕಾ. ನೀವ ಹೊಲ್ದ ಕೌದಿಗೆ ನೀವ ಹಿಂಗ ಅನ್ನೋದು ಚಂದಲ್ಲ” ಎಂದಳು.

“ನಾ ಎಲ್ಲಿ ಹೊಲ್ದೀನಿ? ನಮ್ಮ ತಮ್ಮ ಹೊಲ್ದಾನ! ಮೂರು ಮಿಷನ್ನಿನ ಸಾವ್ಕಾರ! ನನಗ ಹೇಳಿದ್ರ ನಾ ಗಂಜಿ ಹಾಕ್ತಿದ್ನೇನು, ನನಗೇನು ಸಾಹೇಬನ ಪ್ಯಾಂಟು ಹೊಲಿಯೋದೈತೇನು?”

ಓಣಿ ಪೂರ್ತಿ ಸೇರಿತ್ತು. ಯಾರೋ ನಕ್ಕರು. ನಮ್ಮ ಮನೆಯಾಕೆ ಬಾಗಿಲಿಗೆ ಬಂದಳು. “ಅಮ್ಮ ಇರೋವಾಗ ಬಟ್ಟಿ ಒಗದ್ರ ತಾಯಿ ಸಿಟ್ಟಾಗ್ತಾಳ. ಒಂದು ಕೂಸು ಕಳಕೊಂಡೀನಿ ನಾನು.”

“ಸಿಟ್ಟಾದ್ರ ನನ್ನ ಮ್ಯಾಲೆ ಆಗ್ಲಿ. ನನಗ ಅರವತ್ತೆರಡು. ಕೂಸಿಗೆ ಏಳು ವಾರ. ಯಾರನ್ನ ಒಯ್ಯಬೇಕು ಅಂತ ತಾಯಿಗೆ ತಿಳಿಯಂಗಿಲ್ಲೇನು?”

ಅಷ್ಟರಲ್ಲಿ ಬಾಣಂತಿ ಕೋಣೆಯಿಂದ ಹುಲುಗಮ್ಮ ತಾನೇ ಎದ್ದು ಬಂದಳು. ಕೂಸು ಒಂದು ಹೆಗಲ ಮೇಲಿತ್ತು, ಇನ್ನೊಂದು ಕೈಯಲ್ಲಿ ಕೌದಿಯ ಮೂಲೆ. ನೆಲದ ಮೇಲೆ ಕೌದಿಯನ್ನು ಎಳೆದುಕೊಂಡು ಬಂದು ಹೊಸಿಲ ಆಚೆ ನೂಕಿದಳು. ಬೇವಿನ ಎಲೆಯೆಲ್ಲ ದಾರಿಯುದ್ದಕ್ಕೂ ಉದುರಿದವು. ಆಕೆ ಅತ್ತೆಯ ಮುಖ ನೋಡಲಿಲ್ಲ. ಗಂಗಕ್ಕನವರು ಮೂಲೆಯನ್ನು ನಾಲಿಗೆಗೆ ತಾಗಿಸಿ, ಥೂ ಎಂದು ಉಗಿದು, “ಹುಳಿ ಬಂದೈತಿ. ಉಪ್ಪು ಒಂದು ಹಾಕಿದ್ರ ಉಣ್ಣಾಕ ಆಗ್ತಿತ್ತು” ಎಂದರು.

ಹೊಳೆಯಲ್ಲಿ ಮೂರು ಸಲ ನೆನೆಸಿ ತುಳಿದರು. ನೀರು ಹಾಲಿನಂತೆ ಬಿಳಿ ಬಿಟ್ಟಿತು. ಮೀನುಗಳು ಹಿಂಡು ಹಿಂಡಾಗಿ ಬಂದು ಮುತ್ತಿಕೊಂಡವು. ಒಣಗಿದ ಮೇಲೆ ಕೌದಿ ಗೋಡೆಗೆ ನಿಲ್ಲಲಿಲ್ಲ, ಕೈಯಲ್ಲಿ ಹಿಡಿದರೆ ಕೆಳಗೆ ಹರಿಯಿತು. ಹೊಲಿಗೆ ನೀವು ಬರೆದಂತೆಯೇ ಆಗಿದೆ. ಮುಚ್ಚಿ ಹೇಳುವುದಿಲ್ಲ.

ಕೂಸನ್ನು ಬೇರೆ ಬಟ್ಟೆಯ ಮೇಲೆ ಮಲಗಿಸಿದೆವು. ಎರಡನೆಯ ದಿನ ಹೊಸ ಗುಳ್ಳೆ ಏಳಲಿಲ್ಲ. ನಾಲ್ಕನೆಯ ದಿನವಾದ ಇವತ್ತು ಹಳೆಯವು ಒಣಗಿವೆ. ಮನೆಯಾಕೆ ತಾಯಿಗೆ ಮೊಸರನ್ನದ ಎಡೆ ಕೊಟ್ಟು ಬೇವು ಬಿಚ್ಚಿದಳು. ಬಂದಿರಲಿಲ್ಲ ಎಂದು ಅವಳು ಒಪ್ಪುವುದಿಲ್ಲ. ಬಂದಿದ್ದಳು, ಗಂಗಕ್ಕನ ಬಾಯಿ ಕೇಳಿ ಹೋದಳು ಎನ್ನುತ್ತಾಳೆ. ನಾನು ವಾದ ಮಾಡಲಿಲ್ಲ.

ಈಗ ನನ್ನದೊಂದು ಬಿಟ್ಟುಹೋದ ಬಾಬು.

ನಿಮ್ಮ ಲಕೋಟೆ ೨೨ಕ್ಕೇ ನನ್ನ ಕೈಗೆ ಬಂತು. ಗಿರಣಿಯ ಗೋಣಿಚೀಲಗಳ ಹಿಂದೆ ನಿಂತು ಓದಿದೆ. ಏನಾದರೂ ನೆಪ ಹೇಳಿ ಎಂದು ನೀವು ಬರೆದಿದ್ದಿರಿ. ಏಳು ದಿನ ನೆಪ ಹುಡುಕಿದೆ, ಬೀಗರೇ, ಸಿಗಲಿಲ್ಲ. ಅಮ್ಮ ಬಂದ ಮನೆಯಲ್ಲಿ ಹಾಸಿಗೆ ಯಾಕೆ ತೆಗೆಯಬೇಕು, ಬೀಗರ ಕಟ್ಟಳೆ ಯಾಕೆ ಮುರಿಯಬೇಕು ಎಂದು ಕೇಳಿದರೆ ನಿಮ್ಮ ಹೆಸರು ತೆಗೆಯದೆ ಹೇಳುವ ಉತ್ತರ ನನ್ನ ಹತ್ತಿರ ಇರಲಿಲ್ಲ. ಹೋದ ಸಲ ನಿಮ್ಮ ಔಷಧಿ ಶೀಸೆಯನ್ನು ಒಳಗೆ ಬಿಟ್ಟುಕೊಂಡವನು ನಾನೇ. ಆವತ್ತಿನಿಂದ ಕೂಸಿನ ವಿಷಯದಲ್ಲಿ ನನ್ನ ಮಾತಿಗೆ ಮನೆಯಲ್ಲಿ ಬೆಲೆ ಇಲ್ಲ. ದಿನಾ ಸಂಜೆ ಗಿರಣಿಯಿಂದ ಬಂದು ಕೂಸಿನ ಕಾಲ ಹತ್ತಿರ ಕೂತು ಒಂದೊಂದೇ ಇರುವೆ ಹೆಕ್ಕುತ್ತಿದ್ದೆ. “ಅಮ್ಮನ ಮನ್ಯಾಗ ಜೀವ ತೆಗಿಬಾರ್ದು, ಏನ್ ಮಾಡ್ತೀರಿ ಅಲ್ಲಿ?” ಎಂದು ಮನೆಯಾಕೆ ಕೇಳಿದರೆ, ಕೂಸಿನ ಕಾಲು ಒತ್ತುತ್ತೇನೆ ಎನ್ನುತ್ತಿದ್ದೆ. ಹೆಕ್ಕಿದವನ್ನು ಧೋತರದ ತುದಿಯಲ್ಲಿ ಕಟ್ಟಿಕೊಂಡು ಹಿತ್ತಲಿಗೆ ಬಿಡುತ್ತಿದ್ದೆ. ಅವು ಮತ್ತೆ ಬರುತ್ತಿದ್ದವು. ಏಳು ದಿನ ಒಂದು ಮಾತು ಆಡುವ ಬದಲು ಇರುವೆ ಹೆಕ್ಕಿದೆ. ಏನಾದರೂ ಆಗಿದ್ದರೆ ಅದರ ಪಾಪ ನಿಮ್ಮದಕ್ಕಿಂತ ನನ್ನದೇ ದೊಡ್ಡದಿತ್ತು.

ಇನ್ನೊಂದು. ಹೊಳೆಯಿಂದ ಬಂದ ಕೌದಿಯನ್ನು ಮಡಚುವಾಗ ಹುಲುಗಮ್ಮ ಹೇಳಿದಳು: “ಮಾವಾರ, ನನಗ ಮೊದಲ ದಿನಾನ ಗೊತ್ತಿತ್ತು. ಹಿಂದ ತಿರುವಿ ನೋಡಿದ್ನಲ್ಲ, ಗಂಟಿಗೆ ಮೂರು ಸುತ್ತು ಸುತ್ತಿ ಹಲ್ಲಿಲೆ ಕಡದಿತ್ತು. ಗುಂಡಿ ಹಚ್ಚಿದಾಗ ಅಪ್ಪ ಹಂಗ ಕಡೀತಾನ. ಅಪ್ಪ ಮುಚ್ಚಿಟ್ಟಾನಂದ್ರ ಮುಚ್ಚೇ ಇರ್ಲಿ ಅಂತ ಸುಮ್ನಿದ್ನಿ. ನೀರು ಬ್ಯಾಡ ಅಂದದ್ದೂ ಅಪ್ಪನ ಆಸಿ ಅಂತ ತಿಳಕೊಂಡ್ನಿ.”

ತೊಟ್ಟಿಲು ೧೫ನೇ ತಾರೀಖು ಸೋಮವಾರ. ಗೂಡಿನಲ್ಲಿದ್ದ ನಿಮ್ಮ ಕಾಗದವನ್ನು ಮನೆಯಾಕೆಗೆ ಓದಿ ಹೇಳಿದೆ. ಆ ಕಾಲು ತೆಗೆದುಕೊಂಡು ಬನ್ನಿ. ಇದು ನಮ್ಮ ಮನೆಯಾಕೆ ಬರೆಸಿದ ಮಾತು, ಅವಳು ಹೇಳಿದಂತೆಯೇ ಬರೆದಿದ್ದೇನೆ.

ಗಾಳೆಪ್ಪ


ಬಳ್ಳಾರಿ
೧೮ ಏಪ್ರಿಲ್ ೧೯೪೬

ಬೀಗರಾದ ಗಾಳೆಪ್ಪನವರಿಗೆ ಎರ್ರಿಸ್ವಾಮಿಯ ನಮಸ್ಕಾರಗಳು.

ಮೊನ್ನೆ ತೊಟ್ಟಿಲು ಮುಗಿಸಿಕೊಂಡು ಸುಖವಾಗಿ ಮುಟ್ಟಿದೆ. ಬಸ್ಸು ಎರಡು ಕಡೆ ನಿಂತಿತು, ಎರಡು ಕಡೆಯೂ ನಾವೇ ಇಳಿದು ನೂಕಿದೆವು.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಇರುವೆ ಹೆಕ್ಕಿದ್ದಕ್ಕೆ ನೀವು ಪಾಪ ಎಂದಿರಿ. ಲಕೋಟೆ ಮುಚ್ಚಿ ಕಳಿಸಿದವನು ನಾನು. ಬಾಯಿ ಕಟ್ಟಿ ಕೆಲಸ ಹೇಳಿದರೆ ಯಾರಿಂದಲೂ ಆಗುವುದಿಲ್ಲ. ಕಾರ್ಡನ್ನೇ ಮೊದಲು ಬರೆದಿದ್ದರೆ ಕೂಸಿಗೆ ಏಳು ದಿನ ಉಳಿಯುತ್ತಿತ್ತು. ಇಪ್ಪತ್ತಾರು ದಿನ ಕೂತು ಹೊಲಿದವನಿಗೆ ‘ನಾನು ಹೊಲಿದೆ’ ಎಂಬ ಎರಡು ಪದ ಬರೆಯಲು ಮುಕ್ಕಾಲಣೆಯ ಕಾರ್ಡು ದುಬಾರಿ ಎನಿಸಿತು.

ನೀವು ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟಾಗ ಬೆನ್ನನ್ನು ಬೆರಳಿನಿಂದ ತಡವಿ ನೋಡಿದೆ, ನೀವು ನೋಡದಂತೆ. ಒಂದೂ ಕಲೆ ಕೈಗೆ ಸಿಗಲಿಲ್ಲ. ಕೆಳಗೆ ಕೌದಿ ಇತ್ತು. ಗಂಜಿ ಹೋದ ಮೇಲೆ ಅದು ಅಂಬಮ್ಮ ಉಟ್ಟಿದ್ದಾಗ ಹೇಗಿತ್ತೋ ಹಾಗೆ ಆಗಿದೆ. ಅಷ್ಟು ಅಕ್ಕಿ ಸುರಿದು ನಾನು ಮುಚ್ಚಿದ್ದು ಆ ಮೆದುತನವನ್ನೇ.

ಇದು ಕೊನೆಯ ಲೆಕ್ಕ, ಯಾರ ಪಾಲಿಗೆ ಏನು ಬಂತು ಎಂಬುದು. ಈ ಸಲ ಯಾವ ಬಾಬೂ ಬಿಟ್ಟಿಲ್ಲ.

ಇರುವೆ: ಒಂದೂವರೆ ಸೇರು ಪಡಿ ಅಕ್ಕಿಯಲ್ಲಿ ಮುಕ್ಕಾಲು ಪಾಲು, ಬೆಲ್ಲ, ನಾಲ್ಕು ವಾರದ ಬಿಡಾರ.

ಹೊಳೆಯ ಮೀನು: ಉಳಿದ ಕಾಲು ಪಾಲು.

ತಾಯಿ: ಮೊಸರನ್ನದ ಎಡೆ. ಬಂದಿದ್ದರೂ, ಬರದಿದ್ದರೂ.

ಗಂಗಕ್ಕ: ಅರವತ್ತೆರಡನೆಯ ವಯಸ್ಸಿನಲ್ಲಿ ಸಿರುಗುಪ್ಪದಲ್ಲಿ ಹೆಸರು. ಕುರುಗೋಡಿಗೆ ಹೋದ ಮೇಲೂ ಅದೇ ಕಥೆ ಹೇಳುತ್ತಿದ್ದಾಳೆ. ಪ್ರತಿ ಸಲಕ್ಕೂ ಅದರಲ್ಲಿ ಇರುವೆ ಹೆಚ್ಚುತ್ತಿವೆ.

ಹೊನ್ನೂರಮ್ಮನವರು: ಮಾತು ಕೇಳುವ ಗಂಡ, ಮೊದಲಿಗಿಂತ ಸ್ವಲ್ಪ ಹೆಚ್ಚು ಮಾತಾಡುವ ಗಂಡ. ಜೊತೆಗೆ, ಅವರು ಕೇಳಿದಂತೆ ಅವರ ಹಳೆಯ ಸೀರೆಗಳದ್ದೇ ಒಂದು ಕೌದಿ. ಹೊಲಿಯುವವನು ನಾನು, ಅಂಗಡಿಯ ಬಾಗಿಲು ಪೂರ್ತಿ ತೆರೆದಿದೆ. ನೋಡಿದವರು ನಗುತ್ತಾರೆ. ಗಿರಾಕಿ ಇಬ್ಬರು ಕಡಿಮೆಯಾಗಿದ್ದಾರೆ, ಒಬ್ಬ ಹೊಸಬ ಬಂದಿದ್ದಾನೆ. ಗಂಜಿ ಹಾಕಿಲ್ಲ. ಬಟ್ಟೆ ಜಾರುತ್ತದೆ. ಮೊಣಕಾಲ ಮೇಲೆ ಹಾಕಿಕೊಂಡು ಅಂಗೈಯಲ್ಲಿ ಸವರುತ್ತೇನೆ.

ನೀವು: ರಾತ್ರಿ ನಿದ್ದೆ.

ಹುಲುಗಮ್ಮ: ತಾಯಿಯ ಹನ್ನೊಂದು ಸೀರೆ, ತೊಳೆದದ್ದು. ಸುಳ್ಳು ಹೇಳುವ ಅಪ್ಪ ಒಬ್ಬ ಇದ್ದ, ಅವನು ಕಡಿಮೆಯಾದ.

ಕೂಸು: ಕಲೆಯಿಲ್ಲದ ಬೆನ್ನು. ಹೊನ್ನೂರಮ್ಮನವರೇ ಮುಂದೆ ನಿಂತು ಕಿವಿಯಲ್ಲಿ ಕೂಗಿದ ಅಂಬಮ್ಮ ಎಂಬ ಹೆಸರು.

ನಾನು: ನೂರಾರು ಸೊಟ್ಟ ಹೊಲಿಗೆ, ಎಲ್ಲರಿಗೂ ಕಾಣುವಂಥವು. ಅದರ ಮೇಲೆ ಮಲಗಿದ ಒಂದು ಮೊಮ್ಮಗು.

ಎರ್ರಿಸ್ವಾಮಿ